ಜಪಾನಿನ ಕಾರೋ, ಅಮೆರಿಕದ ಕಾರೋ? ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ಒಂದು ಮಾರ್ಗದರ್ಶಿ

1969ರ ಒಂದು ಶೆವ್ರೊಲೆ ಕ್ಯಾಮರೊ, 1993ರ ಒಂದು ಮಜ್ದಾ ಆರ್‌ಎಕ್ಸ್-7. ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಮಾರಾಟಕ್ಕಿವೆ ಅಂದುಕೊಳ್ಳಿ. ಫೋಟೊದಲ್ಲಿ ಎರಡೂ ಪಳಪಳ ಹೊಳೆಯುತ್ತಿವೆ. ಎರಡರ ಜಾಹೀರಾತಿನಲ್ಲೂ 'ಒರಿಜಿನಲ್' ಅಂತಲೇ ಬರೆದಿದೆ. ಯಾವುದನ್ನು ತಗೊಳ್ಳೋದು?

ಇಲ್ಲಿ ಬಹಳ ಜನ ಎಡವುತ್ತಾರೆ. ಎರಡು ಕಾರನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ. ಹಳೆಯ ಅಮೆರಿಕನ್ ಕಾರಿನ ಮುಂದೆ ನಿಂತಾಗ ಮೊದಲು ಕೇಳಬೇಕಾದ್ದು: ಇದು ಕಾರ್ಖಾನೆಯಿಂದ ಹೊರಟಾಗ ಏನಾಗಿತ್ತು? ಜಪಾನಿ ಕಾರಿನ ಮುಂದೆ ಕೇಳಬೇಕಾದ್ದು: ಕಾರ್ಖಾನೆ ಬಿಟ್ಟ ಮೇಲೆ ಇದಕ್ಕೆ ಏನೇನು ಮಾಡಿದ್ದಾರೆ? ಈ ಎರಡು ಪ್ರಶ್ನೆ ತಲೆಯಲ್ಲಿದ್ದರೆ ಉಳಿದ ಕೆಲಸ ಎಷ್ಟೋ ಸುಲಭ.

ಈ ಲೇಖನ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರಿಗೆ. ಬೆಂಗಳೂರಿನಲ್ಲಿ ಕೂತು ಇಂಥ ಕಾರಿನ ಕನಸು ಕಾಣುವವರೂ ಬಹಳ ಇದ್ದಾರೆ, ನನಗೆ ಗೊತ್ತು. ಆದರೆ ಭಾರತಕ್ಕೆ ಹಳೆಯ ಕಾರು ತರಿಸುವುದು ತುಂಬಾ ಕಷ್ಟ. ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರಾದರೆ ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. 1990ರ ದಶಕದ ಟೊಯೊಟಾ ಸುಪ್ರಾ ಆಗಲಿ ನಿಸ್ಸಾನ್ ಸ್ಕೈಲೈನ್ ಆಗಲಿ ಈ ಬಾಗಿಲಿನಲ್ಲಿ ಒಳಗೆ ಬರುವುದಿಲ್ಲ. ಊರಿನಲ್ಲಿರುವವರು ಮುಂದಿನದನ್ನು ಕಾರಿನ ಬಗ್ಗೆ ತಿಳಿಯಲು ಓದಿಕೊಳ್ಳಿ.

ಮೊದಲು ನೀವಿರುವ ಜಾಗ ನೋಡಿ

ಕಾರು ಹುಡುಕುವ ಮುಂಚೆ ನಿಮ್ಮ ರಾಜ್ಯದ ಕಾನೂನು ತಿಳಿದುಕೊಳ್ಳಿ. ಜಪಾನಿ ಕಾರಿಗೆ ಇದು ಜಾಸ್ತಿ ಮುಖ್ಯ.

ಅಮೆರಿಕದಲ್ಲಿ ಮಾರಾಟವೇ ಆಗದ ಜಪಾನಿ ಕಾರುಗಳಿವೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಂಥದ್ದು. ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದದ ಕಾರನ್ನು ತರಿಸಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಈ ಲೆಕ್ಕ ತಿಂಗಳಿನದ್ದು. 1999ರ ಜನವರಿಯಲ್ಲಿ ತಯಾರಾದ ಆರ್34 ಜಿಟಿ-ಆರ್ (ಆರ್32, ಆರ್34 ಎಲ್ಲ ಸ್ಕೈಲೈನಿನ ಪೀಳಿಗೆಗಳ ಹೆಸರು) 2024ರ ಜನವರಿಯಲ್ಲಿ ಅಮೆರಿಕಕ್ಕೆ ಬರಬಹುದಾಯಿತು. 1999ರ ಅಕ್ಟೋಬರ್‌ನಲ್ಲಿ ತಯಾರಾದದ್ದು 2024ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಕೆನಡಾದಲ್ಲಿ 15 ವರ್ಷ ಸಾಕು. ಆದ್ದರಿಂದಲೇ ವ್ಯಾಂಕೂವರ್, ಟೊರಾಂಟೊ ಕಡೆ ಬಲಗಡೆ ಸ್ಟೀರಿಂಗ್ ಇರುವ ಕಾರುಗಳು ಮೊದಲಿಂದಲೂ ಕಾಣಿಸುತ್ತವೆ.

ಕ್ಯಾಲಿಫೋರ್ನಿಯಾದವರು ಇನ್ನೊಂದು ಹೆಜ್ಜೆ ಹುಷಾರಾಗಿರಬೇಕು. ಅಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಹೊಗೆ ತಪಾಸಣೆ ಇಲ್ಲ. 1976ರಿಂದ ಮುಂದಿನದಕ್ಕೆ ಇದೆ. ಜಪಾನಿನಿಂದ ನೇರವಾಗಿ ತರಿಸಿದ 1990ರ ದಶಕದ ಕಾರಾದರೆ ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಸಾಮಾನ್ಯ ಖರ್ಚಲ್ಲ. ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವವರು ಟೆಕ್ಸಸ್‌ನಲ್ಲಿ ರಿಜಿಸ್ಟರ್ ಆದ ಸ್ಕೈಲೈನ್ ಅಗ್ಗಕ್ಕೆ ಸಿಕ್ಕಿತು ಅಂತ ಮುಂಗಡ ಕೊಟ್ಟುಬಿಡಬೇಡಿ. ಅಲ್ಲಿ ಓಡುವ ಕಾರಿಗೆ ನಿಮ್ಮ ಊರಿನಲ್ಲಿ ನಂಬರ್ ಪ್ಲೇಟ್ ಸಿಗದೇ ಹೋಗಬಹುದು.

25 ವರ್ಷ ತುಂಬುವ ಮುಂಚೆಯೇ ಕಾನೂನು ತಪ್ಪಿಸಿ ಒಳಗೆ ತಂದ ಸ್ಕೈಲೈನ್‌ಗಳೂ ಇವೆ. ತರಿಸಿದ ಕಾರಾದರೆ ಸುರಕ್ಷತಾ ನಿಯಮದ ಎಚ್‌ಎಸ್-7 ಫಾರಂ, ಪರಿಸರ ಇಲಾಖೆಯ ಇಪಿಎ ಫಾರಂ, ಕಸ್ಟಮ್ಸ್ ಕಾಗದ, ಈ ಮೂರರ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಕಾರು ಬಿಟ್ಟುಬಿಡಿ.

ಕ್ಯಾಮರೊ, ಫೋರ್ಡ್ ಮಸ್ಟಾಂಗ್, ಶೆವ್ರೊಲೆ ಕಾರ್ವೆಟ್ ಕೊಳ್ಳುವವರಿಗೆ ಆಮದಿನ ಈ ತಲೆನೋವು ಇಲ್ಲ. ಅಮೆರಿಕದಲ್ಲಿ ಮಾರಾಟವಾದ ಜಪಾನಿ ಕಾರುಗಳಿಗೂ ಆಮದಿನ ತೊಂದರೆ ಇಲ್ಲ: ಡಾಟ್ಸನ್ 240ಝಡ್, ಅಕ್ಯೂರಾ ಎನ್‌ಎಸ್‌ಎಕ್ಸ್, 1993ರಿಂದ 1998ರವರೆಗಿನ ಸುಪ್ರಾ, 1993ರಿಂದ 1995ರವರೆಗಿನ ಆರ್‌ಎಕ್ಸ್-7, ಮಜ್ದಾ ಮಿಯಾಟಾ. ಮೊದಲ ಸಲ ಕೊಳ್ಳುವವರು ಈ ಪಟ್ಟಿಯೊಳಗೇ ಇರಿ ಅನ್ನೋದು ನನ್ನ ಸಲಹೆ.

ಹಾರ್ಸ್‌ಪವರ್ ಅಂಕಿ ಪಕ್ಕಕ್ಕಿಡಿ

ಎರಡು ದೇಶದ ಕಾರು ಹೋಲಿಸುವಾಗ ಎಲ್ಲರೂ ಮೊದಲು ನೋಡುವುದು ಹಾರ್ಸ್‌ಪವರ್. ಅದನ್ನೇ ಕಡೆಗೆ ನೋಡಿ.

1971ರವರೆಗೆ ಅಮೆರಿಕದ ಕಂಪನಿಗಳು ಜಾಹೀರಾತಿನಲ್ಲಿ ಹೇಳುತ್ತಿದ್ದದ್ದು 'ಗ್ರಾಸ್' ಅಂಕಿ. ಎಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲಿಟ್ಟು, ಕಾರಿನಲ್ಲಿ ಅದಕ್ಕೆ ಅಂಟಿಕೊಳ್ಳುವ ಸೈಲೆನ್ಸರ್, ಏರ್ ಫಿಲ್ಟರ್, ಫ್ಯಾನ್ ಇವುಗಳ ಹೊರೆಯಿಲ್ಲದೆ ಅಳೆದದ್ದು. 1972ರಲ್ಲಿ ಎಲ್ಲರೂ 'ನೆಟ್' ಅಂಕಿಗೆ ಬಂದರು. ಕಾರ್ವೆಟ್‌ನ ಎಲ್‌ಟಿ-1 ಎಂಜಿನ್ನಿಗೆ 1971ರಲ್ಲಿ 330 ಅಂತಿದ್ದದ್ದು 1972ರಲ್ಲಿ 255 ಆಯಿತು. ಎಂಜಿನ್ ಅಷ್ಟು ಬಡವಾಗಲಿಲ್ಲ. ಬಹುಪಾಲು ಬದಲಾದದ್ದು ಅಳತೆಯ ಕ್ರಮ.

ಜಪಾನಿನಲ್ಲಿ ಕಥೆ ಉಲ್ಟಾ. 1989ರ ಹೊತ್ತಿಗೆ ಅಲ್ಲಿನ ಕಂಪನಿಗಳು 280ರ ಮೇಲೆ ಹೇಳಬಾರದು ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡವು. ಅದು 2004ರವರೆಗೆ ನಡೆಯಿತು. ಹಾಗಾಗಿ ಆರ್32ರಿಂದ ಆರ್34ರವರೆಗೆ ಮೂರೂ ಜಿಟಿ-ಆರ್‌ಗಳ ಕಾಗದದಲ್ಲಿ 280 ಅಂತಲೇ ಇದೆ. ಟರ್ಬೊ ಸುಪ್ರಾಗೆ ಜಪಾನಿನಲ್ಲಿ 280, ಅದೇ ಹೆಸರಿನ 2ಜೆಝಡ್ ಎಂಜಿನ್ ಹೊತ್ತು ಅಮೆರಿಕಕ್ಕೆ ಬಂದಾಗ 320. ಒಂದು ಕಡೆ ಏರಿಸಿ ಹೇಳಿದ ಅಂಕಿ, ಇನ್ನೊಂದು ಕಡೆ ಇಳಿಸಿ ಹೇಳಿದ ಅಂಕಿ. ಇವೆರಡನ್ನು ಅಕ್ಕಪಕ್ಕ ಇಟ್ಟು ಏನು ತಿಳಿಯುತ್ತದೆ?

ಬದಲಿಗೆ ಎರಡನ್ನೂ ಓಡಿಸಿ ನೋಡಿ. 1960ರ ದಶಕದ ದೊಡ್ಡ ವಿ8 ಕೆಳಗಿನ ವೇಗದಲ್ಲೇ ಬೆನ್ನಿಗೆ ಗುದ್ದು ಕೊಡುತ್ತದೆ. ಆದರೆ ಆ ಕಾಲದ ಬಹುಪಾಲು ಕಾರಿಗೆ ಡ್ರಮ್ ಬ್ರೇಕು, ತಿರುವಿನಲ್ಲಿ ಮೈ ಓಲಾಡುತ್ತದೆ. ಎನ್‌ಎಸ್‌ಎಕ್ಸ್‌ನ 3 ಲೀಟರ್ ವಿ6ಗೆ ಅಂಕಿ 270 ಮಾತ್ರ. ಆದರೆ ಮೈಯೆಲ್ಲ ಅಲ್ಯುಮಿನಿಯಂ, ಕೂತರೆ ಸುತ್ತಲೂ ರಸ್ತೆ ಕಾಣುತ್ತದೆ. ತಯಾರಿಯ ಹಂತದಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಅದನ್ನು ಜಪಾನಿನ ಸುಜುಕಾ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಅಭಿಪ್ರಾಯ ಕೊಟ್ಟಿದ್ದರು. ಇವತ್ತಿಗೂ ಅದನ್ನು ದಿನಾ ಆಫೀಸಿಗೆ ತಗೊಂಡು ಹೋಗಬಹುದು. 1969ರ ಕ್ಯಾಮರೊದಲ್ಲಿ ದಿನಾ ಟ್ರಾಫಿಕ್‌ನಲ್ಲಿ ಹೋಗಿ ಬಂದರೆ ತೋಳು ನೋಯುತ್ತದೆ. ಭಾನುವಾರ ಬೆಳಗ್ಗೆಗೆ ಮಾತ್ರ ಕಾರು ಬೇಕು ಅನ್ನೋರಿಗೆ ಇದು ತೊಂದರೆಯೇ ಅಲ್ಲ.

ಅಮೆರಿಕನ್ ಕಾರು: ಕಾಗದ ಮೊದಲು, ಬಣ್ಣ ಆಮೇಲೆ

1960ರ ದಶಕದಲ್ಲಿ ಅಮೆರಿಕದಲ್ಲಿ ಕಾರು ಕೊಳ್ಳುವುದು ಅಂದರೆ ಆರ್ಡರ್ ಶೀಟ್ ತುಂಬುವುದು. ಮೈ ಒಂದೇ. ಒಳಗೆ ಸಾಧಾರಣ ಆರು ಸಿಲಿಂಡರ್ ಹಾಕಿಸಿಕೊಳ್ಳಬಹುದಿತ್ತು, ರೇಸಿಗೆ ಹೋಗುವಂಥ ವಿ8 ಕೂಡ ಹಾಕಿಸಿಕೊಳ್ಳಬಹುದಿತ್ತು. ಇವತ್ತು ಆ ಎರಡರ ಬೆಲೆಗೆ ಅಜಗಜಾಂತರ. ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ, ಪಟ್ಟೆ ಬಳಿದು, ಬ್ಯಾಡ್ಜ್ ಅಂಟಿಸಿ 'ಝಡ್/28' (ಕ್ಯಾಮರೊದ ರೇಸಿನ ಮಾದರಿ) ಅಂತ ಮಾರುವ ಆಸೆ ಹುಟ್ಟುವುದು ಇಲ್ಲೇ. ಇಂಥದ್ದಕ್ಕೆ ಅಲ್ಲಿ 'ಕ್ಲೋನ್' ಅನ್ನುತ್ತಾರೆ. ಕ್ಲೋನ್ ಅಂತ ಹೇಳಿಯೇ ಮಾರಿದರೆ ತಪ್ಪಿಲ್ಲ, ಕಡಿಮೆ ದುಡ್ಡಿನಲ್ಲಿ ಖುಷಿ ಕೊಡುವ ಕಾರು ಅದು. ಹೇಳದೇ ಮಾರಿದರೆ ಮೋಸ.

ಪತ್ತೆ ಮಾಡುವುದು ಹೇಗೆ? ಮೊದಲು ಚಾಸಿಸ್ ನಂಬರ್ ಓದಿ. ಅಮೆರಿಕದಲ್ಲಿ ಇದಕ್ಕೆ 'ವಿನ್' ಅನ್ನುತ್ತಾರೆ.

ಫೋರ್ಡ್ ಕೊಂಚ ಸಲೀಸು. ಮೊದಲ ಪೀಳಿಗೆಯ ಮಸ್ಟಾಂಗ್‌ನಲ್ಲಿ ಐದನೇ ಅಕ್ಷರ ಎಂಜಿನ್ ಯಾವುದು ಅಂತ ಹೇಳಿಬಿಡುತ್ತದೆ. ಅಲ್ಲಿ 'ಕೆ' ಇದ್ದರೆ 289 ಘನ ಇಂಚಿನ ಹೈ ಪರ್ಫಾರ್ಮೆನ್ಸ್ ಎಂಜಿನ್, 'ಆರ್' ಇದ್ದರೆ 428 ಘನ ಇಂಚಿನ ಕೋಬ್ರಾ ಜೆಟ್ ಎಂಜಿನ್. ಕ್ರೈಸ್ಲರ್ ಕಂಪನಿಯ ಕಾರಿನಲ್ಲೂ ಐದನೇ ಅಕ್ಷರವೇ ನೋಡಬೇಕಾದ್ದು. 1970ರ ಪ್ಲಿಮತ್ ಕೂಡಾದಲ್ಲಿ 'ಆರ್' ಅಂದರೆ 'ಹೆಮಿ' ಅನ್ನುವ 426 ಘನ ಇಂಚಿನ ದೊಡ್ಡ ವಿ8. ಅಕ್ಷರ ಬೇರೆ ಇದ್ದು ಬಾನೆಟ್ ಕೆಳಗೆ ಹೆಮಿ ಇದ್ದರೆ ಅದು ಆಮೇಲೆ ಕೂರಿಸಿದ್ದು, ಅಷ್ಟೇ.

ಶೆವ್ರೊಲೆ ಕಷ್ಟ. 1969ರ ಕ್ಯಾಮರೊ ನಂಬರ್ 12437 ಅಂತ ಶುರುವಾದರೆ ಅದು ವಿ8 ಕೂಪೆ, 12337 ಆದರೆ ಆರು ಸಿಲಿಂಡರ್. ಅದಕ್ಕಿಂತ ಜಾಸ್ತಿ ಆ ನಂಬರ್ ಹೇಳುವುದಿಲ್ಲ. ಝಡ್/28 ಹೌದೋ ಅಲ್ಲವೋ ತಿಳಿಯಲು ಎಂಜಿನ್ ಬ್ಲಾಕಿನ ಮೇಲಿನ ಅಚ್ಚು ನೋಡಬೇಕು. ಝಡ್/28ರ 302 ಘನ ಇಂಚಿನ ಎಂಜಿನ್ನಿಗೆ 1969ರಲ್ಲಿ 'ಡಿಝಡ್' ಅಂತ ಅಚ್ಚಿತ್ತು. ಜೊತೆಗೆ ಚಾಸಿಸ್ ನಂಬರಿನ ಕೊನೆಯ ಭಾಗವೂ ಬ್ಲಾಕಿನಲ್ಲಿ ಇರಬೇಕು. ಎರಡೂ ಹೊಂದಿದರೆ ಅದಕ್ಕೇ 'ನಂಬರ್ಸ್ ಮ್ಯಾಚಿಂಗ್' ಅನ್ನೋದು. ಬೆಲೆಯ ದೊಡ್ಡ ಪಾಲು ನಿಂತಿರುವುದು ಇದರ ಮೇಲೆ.

ಆ ಅಚ್ಚನ್ನೂ ಉಜ್ಜಿ ಹೊಸದಾಗಿ ಹೊಡೆಯುವವರಿದ್ದಾರೆ. ಅದಕ್ಕೆ ಟಾರ್ಚ್ ಹಿಡಿದು ಅಚ್ಚಿನ ಹಿಂದಿನ ಲೋಹ ನೋಡಿ. ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ನೇರ ಗೀರುಗಳು ಅಲ್ಲಿರಬೇಕು. ನುಣ್ಣಗಿದ್ದರೆ, ಅಡ್ಡಾದಿಡ್ಡಿ ಗೀರಿದ್ದರೆ ಅನುಮಾನ ಪಡಿ. ಅಚ್ಚಿನ ಫೋಟೊ ತೆಗೆದು ಆ ಮಾದರಿ ಬಲ್ಲವರಿಗೆ ತೋರಿಸಿ.

ಇದರ ಮೇಲೆ ದಾಖಲೆಗಳು. 1967ರಿಂದ ಮುಂದಿನ ಫೋರ್ಡ್ ಆದರೆ 'ಮಾರ್ಟಿ ರಿಪೋರ್ಟ್' ತರಿಸಿ, ಕಾರು ಯಾವ ಬಣ್ಣ, ಯಾವ ಎಂಜಿನ್, ಯಾವ ಡೀಲರಿಗೆ ಹೋಯಿತು ಎಲ್ಲಾ ಬರುತ್ತದೆ. ಪಾಂಟಿಯಾಕ್ ಆದರೆ ಪಿಎಚ್‌ಎಸ್ ಅನ್ನುವ ಸಂಸ್ಥೆಯ ಹತ್ತಿರ ಕಾರ್ಖಾನೆಯ ದಾಖಲೆ ಸಿಗುತ್ತದೆ. ಕ್ರೈಸ್ಲರ್ ಕಾರಿಗೆ ಬಾನೆಟ್ ಕೆಳಗೆ ಫೆಂಡರ್ ಟ್ಯಾಗ್ (ಕಾರಿನ ವಿವರ ಕೋಡಿನಲ್ಲಿ ಬರೆದ ಲೋಹದ ಪಟ್ಟಿ) ಇರುತ್ತದೆ, ಅದೃಷ್ಟ ಇದ್ದರೆ ಸೀಟಿನ ಕೆಳಗೆ ಕಾರ್ಖಾನೆಯ ಬ್ರಾಡ್‌ಕಾಸ್ಟ್ ಶೀಟ್ (ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಪಟ್ಟಿ) ಕೂಡ ಸಿಕ್ಕೀತು. 1960ರ ದಶಕದ ಕೊನೆಯಿಂದಾಚೆಯ ಎಷ್ಟೋ ಕಾರ್ವೆಟ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮೇಲೆ ಅಂಟಿಸಿದ ಚೀಟಿ ಇರುತ್ತದೆ. ಕಾರ್ವೆಟ್ ಒರಿಜಿನಲ್ ಹೌದೋ ಅಲ್ಲವೋ ಅಂತ ಎನ್‌ಸಿಆರ್‌ಎಸ್ ಸಂಘದ ತೀರ್ಪುಗಾರರು ಬೋಲ್ಟ್ ಬೋಲ್ಟ್ ಬಿಡದೆ ನೋಡುತ್ತಾರೆ. ಅವರ ಪ್ರಶಸ್ತಿ ಇದ್ದರೆ ಮಾಲೀಕರು ಸಾಮಾನ್ಯವಾಗಿ ಆ ಫೈಲನ್ನೇ ಮೊದಲು ತೆಗೆದು ತೋರಿಸುತ್ತಾರೆ.

ಒಂದು ಮಾತು. ಅಮೆರಿಕನ್ ಕಾರಿನಲ್ಲಿ ಬಣ್ಣ ಹೊಸದಾಗಿ ಹೊಡೆಸಿದ್ದರೆ, ಸೀಟ್ ಹೊಸದಾಗಿ ಹೊಲಿಸಿದ್ದರೆ ಗಾಬರಿ ಬೇಡ. ಐವತ್ತು ವರ್ಷ ದಾಟಿದ ಕಾರಿಗೆ ಅದು ಸಹಜ. ಎಂಜಿನ್, ಗೇರ್‌ಬಾಕ್ಸ್, ಕಾಗದ ಒಂದಕ್ಕೊಂದು ಹೊಂದಿದರೆ ಉಳಿದದ್ದೆಲ್ಲ ಸರಿಮಾಡಿಸಬಹುದು.

ಜಪಾನಿ ಕಾರು: ಏನು ಬದಲಾಗಿದೆ ಅಂತ ಹುಡುಕಿ

ಇಲ್ಲಿ ನಕಲಿಯ ಭಯ ಕಡಿಮೆ. ಆರ್32 ಜಿಟಿ-ಆರ್‌ನ ಚಾಸಿಸ್ ನಂಬರ್ 'ಬಿಎನ್‌ಆರ್32' ಅಂತಲೇ ಶುರುವಾಗುತ್ತದೆ. ಅದರ ಸಾಧಾರಣ ಟರ್ಬೊ ತಮ್ಮ 'ಎಚ್‌ಸಿಆರ್32'. ಬಾನೆಟ್ ತೆಗೆದು ನೋಡಿದರೆ ಮುಗಿಯಿತು. ಆದರೆ ಈ ಕಾರುಗಳು ಅಗ್ಗವಾಗಿದ್ದ ಕಾಲದಲ್ಲಿ ಇಪ್ಪತ್ತರ ಹರೆಯದವರ ಕೈಗೆ ಸಿಕ್ಕವು. ದೊಡ್ಡ ಟರ್ಬೊ, ಅಗಲದ ಚಕ್ರ, ಕತ್ತರಿಸಿದ ವೈರು, ಕಳೆದುಹೋದ ಒರಿಜಿನಲ್ ಭಾಗಗಳು. ಕಾರ್ಖಾನೆಯಿಂದ ಬಂದ ಹಾಗೇ ಉಳಿದ ಆರ್‌ಎಕ್ಸ್-7 ಅಥವಾ ಸುಪ್ರಾ ಸಿಗುವುದು ಕಷ್ಟ. ಸಿಕ್ಕರೆ ಅದಕ್ಕೆ ಜಾಸ್ತಿ ದುಡ್ಡು ಕೊಡುವುದು ತಪ್ಪಲ್ಲ. ನಾನಂತೂ ಪಳಪಳಿಸುವ ಮಾರ್ಪಡಿಸಿದ ಕಾರಿಗಿಂತ ಬಣ್ಣ ಸ್ವಲ್ಪ ಮಾಸಿದ, ಯಾರೂ ಕೈಯಾಡಿಸದ ಕಾರನ್ನೇ ಆರಿಸುತ್ತೇನೆ.

2021ರಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಕಿತ್ತಳೆ ಬಣ್ಣದ 1994ರ ಸುಪ್ರಾ ಒಂದು 5,50,000 ಡಾಲರಿಗೆ ಹೋಯಿತು. ಅದೂ ಮಾರ್ಪಡಿಸಿದ ಕಾರೇ. ಆದರೆ ಅದು ಹೆಸರಾದ ಸಿನಿಮಾದಲ್ಲಿ ಓಡಿದ ಕಾರು. ಅದೇ ರೀತಿ ಬಣ್ಣ ಹೊಡೆಸಿದ ಇನ್ನೊಂದು ಸುಪ್ರಾಗೆ ಆ ಲೆಕ್ಕ ಹಿಡಿಯಬೇಡಿ.

ಮಾದರಿಗೊಂದು ದುರ್ಬಲ ಜಾಗ ಇದೆ. ಅದನ್ನು ತಿಳಿದೇ ಹೋಗಿ.

ಸುಪ್ರಾದಲ್ಲಿ ಟರ್ಬೊ ಇಲ್ಲದ ಮಾದರಿಯೂ ಬಂತು, ನೋಡಲು ಎರಡೂ ಒಂದೇ. ಟರ್ಬೊ ಇಲ್ಲದ್ದಕ್ಕೆ ಆಮೇಲೆ ಟರ್ಬೊ ಹಾಕಿಸಿದವರು ಬಹಳ. ಎಂಜಿನ್ ಟರ್ಬೊದ 2ಜೆಝಡ್-ಜಿಟಿಇ ಹೌದಾ, ಟರ್ಬೊ ಇಲ್ಲದ 2ಜೆಝಡ್-ಜಿಇ ಆಗಿತ್ತಾ ನೋಡಿ. ಕಾರ್ಖಾನೆಯಿಂದ ಬಂದ ಮ್ಯಾನುಯಲ್ ಟರ್ಬೊಗೆ ಗೆಟ್ರಾಗ್ 6 ಗೇರ್ ಇರುತ್ತದೆ. 5 ಗೇರ್ ಇದ್ದರೆ ಪ್ರಶ್ನೆ ಕೇಳಲೇಬೇಕು.

ಆರ್‌ಎಕ್ಸ್-7 ಬೇರೆಯೇ ಜಾತಿ. ಅದರಲ್ಲಿ ಪಿಸ್ಟನ್ ಇಲ್ಲ, ತ್ರಿಕೋನದ ರೋಟರ್ ತಿರುಗುತ್ತದೆ. ರೋಟರಿನ ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್ ಸವೆದರೆ ಎಂಜಿನ್ ಬಿಚ್ಚಲೇಬೇಕು. ಎಂಜಿನ್ ಒಳಗಿನ ಒತ್ತಡ ಅಳೆಯುವ ಮಾಮೂಲಿ ಕಂಪ್ರೆಶನ್ ಗೇಜ್ ಇದಕ್ಕೆ ಸಾಲದು. ಪ್ರತಿ ರೋಟರಿನ ಮೂರು ಮುಖವನ್ನೂ ಬೇರೆ ಬೇರೆ ತೋರಿಸುವ ರೋಟರಿ ಗೇಜ್ ಬೇಕು, ಎಂಜಿನ್ ಬಿಸಿಯಾದ ಮೇಲೆ ಅಳೆಯಬೇಕು. ಬಿಸಿಯಾದಾಗ ಸ್ಟಾರ್ಟ್ ಆಗಲು ತಿಣುಕುವ ಆರ್‌ಎಕ್ಸ್-7 ತಗೊಳ್ಳಬೇಡಿ. ಆ ಅಳತೆ ಮಾಡಲು ಬಿಡದ ಮಾಲೀಕರ ಹತ್ತಿರ ಚೌಕಾಸಿಗೂ ಹೋಗಬೇಡಿ.

ಎನ್‌ಎಸ್‌ಎಕ್ಸ್‌ಗೆ ತುಕ್ಕು ಹಿಡಿಯುವ ಮೈ ಇಲ್ಲ. ಆದರೆ ಗುದ್ದಿಸಿಕೊಂಡಿದ್ದರೆ ಅಲ್ಯುಮಿನಿಯಂ ಸರಿಮಾಡಬಲ್ಲ ಕೈ ಅಪರೂಪ, ಬಿಲ್ಲು ದೊಡ್ಡದು. ಮೊದಲ ವರ್ಷಗಳ 5 ಗೇರಿನ ಕೆಲವು ಬಾಕ್ಸ್‌ಗಳಲ್ಲಿ ಸ್ನ್ಯಾಪ್ ರಿಂಗ್ ಒಡೆಯುವ ದೋಷವಿತ್ತು. ಗೇರ್‌ಬಾಕ್ಸ್ ನಂಬರ್ ಬರೆದುಕೊಂಡು ಆ ಸಾಲಿಗೆ ಸೇರುತ್ತದಾ ನೋಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದರು ಅನ್ನೋದಕ್ಕೆ ಬಿಲ್ಲು ಕೇಳಿ.

ಜಪಾನಿನಿಂದ ತರಿಸುವ ಕಾರಿಗೆ ಹರಾಜಿನ ಚೀಟಿ ಸಿಗುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ಮೇಲೆ ಒಟ್ಟು ಅಂಕ ಇರುತ್ತದೆ. 4.5 ಅಂದರೆ ಚೆನ್ನಾಗಿದೆ, 3.5 ಅಂದರೆ ಸಣ್ಣಪುಟ್ಟ ಗೀರು, ತಗ್ಗು. 'ಆರ್' ಅಥವಾ 'ಆರ್‌ಎ' ಅಂದರೆ ಅಪಘಾತವಾಗಿ ರಿಪೇರಿ ಆದದ್ದು. ಒಳಗಿನ ಸ್ಥಿತಿಗೆ ಬೇರೆ ಅಕ್ಷರ. ಪಕ್ಕದಲ್ಲಿ ಕಾರಿನ ಚಿತ್ರ, ಅದರ ಮೇಲೆ ಗುರುತುಗಳು: 'ಎ' ಅಂದರೆ ಗೀರು, 'ಯು' ಅಂದರೆ ತಗ್ಗು, 'ಡಬ್ಲ್ಯು' ಅಂದರೆ ರಿಪೇರಿ ಮಾಡಿದ ಅಲೆ, 'ಎಸ್' ಅಂದರೆ ತುಕ್ಕು. ಅಕ್ಷರದ ಮುಂದಿನ ಅಂಕಿ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಓಡಿದ ಕಿಲೋಮೀಟರನ್ನು ಮೀಟರಿನಲ್ಲಿ ಮಾತ್ರ ನೋಡಬೇಡಿ, ಜಪಾನಿನ ಕಡ್ಡಾಯ ವಾಹನ ತಪಾಸಣೆಯ ('ಶಾಕೆನ್') ಕಾಗದ ಇದ್ದರೆ ಅದಕ್ಕೆ ತಾಳೆ ಹಾಕಿ.

ತುಕ್ಕು, ಇಬ್ಬರಿಗೂ ಸಮ

ಉಪ್ಪು ಎರಚುವ ರಸ್ತೆಯಲ್ಲಿ ಓಡಿದ ಕಾರು ಯಾವ ದೇಶದ್ದಾದರೂ ಒಂದೇ. ಮಿಶಿಗನ್, ಒಹಾಯೊ ಕಾರಿಗಿಂತ ಆರಿಜೋನಾ ಕಾರು ವಾಸಿ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿರಬಹುದು, ಅದು ಸಣ್ಣ ಖರ್ಚು. ಜಪಾನಿನ ಕಾರಾದರೆ ಹಿಮದ ಹೊಕ್ಕೈಡೊದಿಂದ ಬಂತಾ ಕೇಳಿ.

ಹಳೆಯ ಮಸ್ಟಾಂಗ್‌ಗೆ ವಿಂಡ್‌ಶೀಲ್ಡ್ ಕೆಳಗಿನ ಜಾಲರಿಗೆ ನೀರು ಸುರಿದು ಒಳಗಿನ ನೆಲ ಮುಟ್ಟಿ ನೋಡಿ. ಒದ್ದೆಯಾದರೆ ಒಳಗೆ ತೂತು ಬಿದ್ದಿದೆ. ಕಾರ್ವೆಟ್ ಫೈಬರ್‌ಗ್ಲಾಸ್, ತುಕ್ಕಿಲ್ಲ ಅಂತ ನಂಬಿ ಮೋಸ ಹೋಗಬೇಡಿ, ಒಳಗಿನ ಫ್ರೇಮ್ ಕಬ್ಬಿಣ. ಹಿಂದಿನ ಚಕ್ರದ ಮುಂದೆ ಫ್ರೇಮ್ ಮೇಲೇಳುವ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. 240ಝಡ್ ಎಲ್ಲಕ್ಕಿಂತ ಬೇಗ ಕರಗುವ ಕಾರು: ಬ್ಯಾಟರಿ ಕೂರುವ ಜಾಗ, ನೆಲ, ಅದರ ಕೆಳಗಿನ ಉದ್ದ ಕಂಬಿ (ಫ್ರೇಮ್ ರೈಲ್), ಹಿಂದಿನ ಚಕ್ರದ ಮುಂದಿನ ಮೂಲೆ. ಆರ್32ರಲ್ಲಿ ಬಾನೆಟ್ ಒಳಗೆ ಸಸ್ಪೆನ್ಷನ್ ಕೂರುವ ಸ್ಟ್ರಟ್ ಟವರ್ ಮತ್ತು ಹಿಂದಿನ ಚಕ್ರದ ಕಮಾನು. ಉಕ್ಕಿನ ಮೈಯ ಮೇಲೆ ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆ ಸುತ್ತಿ ಓಡಾಡಿಸಿ. ಅಂಟದ ಕಡೆ ಪುಟ್ಟಿ ತುಂಬಿದ್ದಾರೆ.

ಬಿಡಿಭಾಗ ಮತ್ತು ಮೆಕ್ಯಾನಿಕ್

ಇಲ್ಲಿ ಅಮೆರಿಕ ಗೆಲ್ಲುತ್ತದೆ, ಸಂಶಯ ಬೇಡ. 1960ರ ದಶಕದ ಮಸ್ಟಾಂಗ್‌ಗೆ ಪೂರ್ತಿ ಹೊಸ ಉಕ್ಕಿನ ಮೈಯನ್ನೇ ಡೈನಾಕಾರ್ನ್ ಕಂಪನಿ ಮಾಡಿ ಮಾರುತ್ತದೆ. ಶೆವ್ರೊಲೆ ಸಣ್ಣ ವಿ8 ರಿಪೇರಿ ಮಾಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಜಪಾನಿ ಕಂಪನಿಗಳೂ ಈಚೆಗೆ ಎಚ್ಚೆತ್ತಿವೆ. ನಿಸ್ಸಾನ್ 2017ರಲ್ಲಿ ಆರ್32 ಭಾಗಗಳನ್ನು ಮತ್ತೆ ಮಾಡಲು ಶುರುಮಾಡಿತು, ಟೊಯೊಟಾ 2020ರಲ್ಲಿ ಸುಪ್ರಾ ಭಾಗಗಳನ್ನು. ಆದರೂ ಎಷ್ಟೋ ಪ್ಲಾಸ್ಟಿಕ್, ರಬ್ಬರ್, ಒಳಗಿನ ಅಲಂಕಾರದ ತುಂಡುಗಳು ಸಿಗುವುದಿಲ್ಲ. ಆದ್ದರಿಂದ ಜಪಾನಿ ಕಾರು ಕೊಳ್ಳುವಾಗ ಒಳಗೆ ಒಂದು ಗುಂಡಿಯೂ ಒಡೆದಿಲ್ಲವಾ ಅಂತ ನೋಡಿ. ಕಾರಿಗಿಂತ ಮೊದಲು ಆ ಮಾದರಿ ಬಲ್ಲ ಮೆಕ್ಯಾನಿಕ್ ಹುಡುಕಿ, ಆಮೇಲೆ ಕಾರು.

ಬೆಲೆ, ಹರಾಜು, ಇನ್ಶೂರೆನ್ಸ್

ಬೆಲೆ ತಿಳಿಯಲು ಹಳೆಯ ಕಾರುಗಳ ಇನ್ಶೂರೆನ್ಸ್ ಕಂಪನಿ ಹ್ಯಾಗರ್ಟಿಯ ಪಟ್ಟಿ ನೋಡಿ. ಅದರಲ್ಲಿ ಸ್ಥಿತಿಗೆ 1ರಿಂದ 4ರವರೆಗೆ ದರ್ಜೆ. 1 ಅಂದರೆ ಪ್ರದರ್ಶನದಲ್ಲಿ ಗೆಲ್ಲುವಂಥದ್ದು. ಮಾರುವವರಿಗೆ ತಮ್ಮ ಕಾರು ಯಾವಾಗಲೂ 2. ನೀವು 3 ಅಂತ ಹಿಡಿದು ಮಾತು ಶುರುಮಾಡಿ. ಕೇಳುವ ಬೆಲೆ ಬಿಟ್ಟು, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನೇ ಹೋಲಿಸಿ. ಹರಾಜಾದರೆ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಸೇರುತ್ತದೆ, ಮೊದಲೇ ಲೆಕ್ಕದಲ್ಲಿಡಿ.

ಯಾವುದರ ಬೆಲೆ ಏರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹುಡುಗರಾಗಿದ್ದಾಗ ಆಸೆಪಟ್ಟ ಕಾರನ್ನೇ ಜನ ದುಡ್ಡು ಬಂದ ಮೇಲೆ ಕೊಳ್ಳುತ್ತಾರೆ. 1960ರ ದಶಕದಲ್ಲಿ ಹರೆಯದಲ್ಲಿದ್ದವರು ಈಗ ಕಾರು ಮಾರುವ ವಯಸ್ಸಿನವರು. 1990ರ ದಶಕದಲ್ಲಿ ವಿಡಿಯೊ ಗೇಮಿನಲ್ಲಿ ಸ್ಕೈಲೈನ್ ಓಡಿಸಿದವರು ಈಗ ಕೊಳ್ಳುವ ವಯಸ್ಸಿನವರು. ಗಾಳಿ ಯಾವ ಕಡೆ ಬೀಸುತ್ತಿದೆ ಕಾಣುತ್ತದೆ ಅಲ್ವಾ. ಆದರೂ ಲಾಭದ ಆಸೆಗೆ ಸಾಲ ಮಾಡಿ ಕೊಳ್ಳಬೇಡಿ. ಮೊದಲ ಕಾರಿಗೆ ನಾನು ಹೇಳುವ ಹೆಸರು ಎರಡು: ಮೊದಲ ಪೀಳಿಗೆಯ ಮಜ್ದಾ ಮಿಯಾಟಾ, ಇಲ್ಲವೇ 1984ರಿಂದ 1996ರವರೆಗಿನ ಸಿ4 ಕಾರ್ವೆಟ್. ಎರಡೂ ಸಾಮಾನ್ಯ ಸಂಬಳದವರ ಕೈಗೆಟುಕುತ್ತವೆ, ಎರಡಕ್ಕೂ ಭಾಗ ಸಿಗುತ್ತದೆ, ಎರಡೂ ಓಡಿಸಲು ನಿಜಕ್ಕೂ ಚೆಂದ.

ಇನ್ಶೂರೆನ್ಸ್ ಮಾಡಿಸುವಾಗ ದಿನಬಳಕೆಯ ಕಾರಿನ ಪಾಲಿಸಿ ತಗೊಳ್ಳಬೇಡಿ. ಅದರಲ್ಲಿ ವರ್ಷ ಕಳೆದಷ್ಟೂ ಬೆಲೆ ಕಡಿತ ಮಾಡುತ್ತಾರೆ. ಮೊದಲೇ ಬೆಲೆ ಒಪ್ಪಿಕೊಂಡು ಬರೆಸುವ 'ಅಗ್ರೀಡ್ ವ್ಯಾಲ್ಯೂ' ಪಾಲಿಸಿ ಮಾಡಿಸಿ. ಅದಕ್ಕೆ ಗ್ಯಾರೇಜ್ ಇರಬೇಕು, ದಿನಾ ಓಡಿಸುವಂತಿಲ್ಲ ಅನ್ನುವಂಥ ಷರತ್ತುಗಳಿರುತ್ತವೆ, ಓದಿ ಸಹಿ ಹಾಕಿ.

ಕಾರು ಮನೆಗೆ ಬಂದ ಮೇಲೆ

ಮೊದಲ ದಿನವೇ ಹೆದ್ದಾರಿಗೆ ಹೋಗಬೇಡಿ. ಟೈರಿನ ಗೋಡೆಯ ಮೇಲೆ 'DOT' ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2309 ಅಂತಿದ್ದರೆ 2009ರ 23ನೇ ವಾರದಲ್ಲಿ ಮಾಡಿದ್ದು. ಚೆನ್ನಾಗಿ ಕಂಡರೂ ಹತ್ತು ವರ್ಷ ದಾಟಿದ ಟೈರು ಬದಲಿಸಿ. ಆಮೇಲೆ ಪೆಟ್ರೋಲ್ ಪೈಪುಗಳು. ಹಳೆಯ ರಬ್ಬರಿಗೆ ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಆಗಿಬರುವುದಿಲ್ಲ, ಬಿರುಕು ಬಿಟ್ಟು ಸೋರಿದರೆ ಬಿಸಿ ಎಂಜಿನ್ ಮೇಲೆ ಬೆಂಕಿ. ಎಥನಾಲಿಗೆ ತಡೆಯುವ ಹೊಸ ಪೈಪ್ ಹಾಕಿಸಿ. ಬ್ರೇಕ್ ಆಯಿಲ್, ಕೂಲೆಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್ ಎಲ್ಲಾ ಹೊಸದು. ಬಿಚ್ಚಿದ ಪ್ರತಿ ಒರಿಜಿನಲ್ ಭಾಗವನ್ನೂ, ಎಷ್ಟೇ ಹಳತಾಗಿರಲಿ, ಚೀಟಿ ಅಂಟಿಸಿ ಡಬ್ಬಿಯಲ್ಲಿಡಿ. ಕಾರಿನ ಜೊತೆ ಆ ಡಬ್ಬಿಗೂ ಬೆಲೆ ಇದೆ.